ಕಾಮಕಸ್ತೂರಿ ಇಲ್ಲದ ಪೆಸ್ಟೊ: ಆದವಾನಿ ಸೀಮೆಯ ಸೊಪ್ಪಿನ ಚಟ್ನಿಗಳು

ಇಟಲಿಯ ಜೆನೋವಾ ನಗರದ ‘ಪೆಸ್ಟೊ’ ಈಗ ನಮ್ಮ ಮಕ್ಕಳ ಬಾಯಲ್ಲೂ ಇದೆ. ಆ ಹೆಸರಿನ ಅರ್ಥ ‘ಕುಟ್ಟಿದ್ದು’ ಎಂದಷ್ಟೇ. ಕಾಮಕಸ್ತೂರಿ ಜಾತಿಯ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಉಪ್ಪು, ಗಿಣ್ಣು, ಆಲಿವ್ ಎಣ್ಣೆಗಳನ್ನು ಕಲ್ಲಿನ ಒರಳಿನಲ್ಲಿ ಅರೆದರೆ ಅದು ಸಿದ್ಧ. ಸಿಸಿಲಿಯ ಟ್ರಾಪಾನಿಯಲ್ಲಿ ಪೈನ್ ಬೀಜದ ಬದಲು ಬಾದಾಮಿ, ಜೊತೆಗೆ ಟೊಮೆಟೊ ಹಾಕುತ್ತಾರೆ. ಆದವಾನಿ, ಆಲೂರು, ಎಮ್ಮಿಗನೂರು ಕಡೆಯ ನಮ್ಮ ಮನೆಗಳಲ್ಲಿ ಅದೇ ಜಾಗದಲ್ಲಿ ಶೇಂಗಾ ಇದೆ.

ಸೊಪ್ಪು ಬದಲಾದರೆ ವಿಧಾನವೂ ಬದಲಾಗಬೇಕು. ಹುಳಿ, ಕಹಿ, ನೀರು ಈ ಮೂರನ್ನು ನೋಡಿಕೊಂಡರೆ ಯಾವ ಸೊಪ್ಪೂ ಕೆಡುವುದಿಲ್ಲ.

ಮೂಲ ಅಳತೆ

ಒತ್ತಿ ತುಂಬಿದ 2 ಕಪ್ ಸೊಪ್ಪು, ಅರ್ಧ ಕಪ್ ಹುರಿದ ಶೇಂಗಾ, 4–5 ಎಸಳು ಬೆಳ್ಳುಳ್ಳಿ, 4–6 ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, 3 ದೊಡ್ಡ ಚಮಚ ಶೇಂಗಾ ಎಣ್ಣೆ, ರುಚಿಗೆ ಉಪ್ಪು.

ಸೊಪ್ಪು, ತರಕಾರಿ

ಪುಂಡಿ (ತೆಲುಗಿನಲ್ಲಿ ಗೋಂಗೂರ): ಹುಳಿ ಅದರಲ್ಲೇ ಇದೆ, ಹುಣಸೆಹಣ್ಣು ಬೇಡ. ಎಣ್ಣೆಯಲ್ಲಿ ಮೆತ್ತಗಾಗಿ ಬಣ್ಣ ತಿರುಗುವವರೆಗೆ ಬಾಡಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ; ಸ್ಟೀಲ್ ಅಥವಾ ಮಣ್ಣಿನದು ಸಾಕು. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇರುವವರು ಪುಂಡಿಯನ್ನು ಮಿತವಾಗಿ ತಿನ್ನಬೇಕು. ಅದರಲ್ಲಿ ಆಕ್ಸಲೇಟ್ ಹೆಚ್ಚು.

ಹುಣಸೆ ಚಿಗುರು (ಚಿಂತ ಚಿಗುರು): ಕಡ್ಡಿ ತೆಗೆದು, ಅಂಗೈಯಲ್ಲಿ ಉಜ್ಜಿ, ಸ್ವಲ್ಪವೇ ಹುರಿಯಿರಿ. ಇದಕ್ಕೂ ಬೇರೆ ಹುಳಿ ಬೇಡ.

ಕೊತ್ತಂಬರಿ, ಪುದೀನ: ಹಸಿಯಾಗಿಯೇ ಅರೆಯಿರಿ. ಕೊತ್ತಂಬರಿಯ ಎಳೆ ಕಡ್ಡಿ ಸೇರಲಿ. ಪುದೀನದ ಎಲೆ ಮಾತ್ರ. ರುಚಿಯಲ್ಲಿ ಪೆಸ್ಟೊಗೆ ಹತ್ತಿರದ್ದು ಇದೇ.

ಮೆಂತ್ಯ ಸೊಪ್ಪು: ಕಹಿ ತಗ್ಗಲು ಚೆನ್ನಾಗಿ ಬಾಡಿಸಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಚೂರು ಬೆಲ್ಲ ಸೇರಿಸಿ.

ಹೀರೆಕಾಯಿ ಸಿಪ್ಪೆ (ಬೀರಕಾಯ ತೊಕ್ಕು): ಗಟ್ಟಿ ಏಣು ಹೆರೆದು ಬಿಸಾಡಿ. ಉಳಿದ ಸಿಪ್ಪೆಯನ್ನು ನೀರಿನಂಶ ಹೋಗುವವರೆಗೆ ಹುರಿಯಿರಿ. ಶೇಂಗಾ ಜೊತೆ ಒಂದು ಚಮಚ ಎಳ್ಳು ಹಾಕಿದರೆ ಚೆನ್ನ.

ಶೇಂಗಾ ಆರಿಸುವುದು

ಸಣ್ಣ ಉರಿಯಲ್ಲಿ ಹುರಿದು, ಆರಿದ ಮೇಲೆ ಸಿಪ್ಪೆ ಉಜ್ಜಿ ತೆಗೆಯಿರಿ. ಮುಗ್ಗಾದ, ಕಪ್ಪಾದ, ಸುಕ್ಕಿದ, ಕಹಿ ಬೀಜಗಳನ್ನು ಹುರಿಯುವ ಮೊದಲೇ ಬಿಸಾಡಿ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷ ಯಕೃತ್ತಿಗೆ ಕೆಡುಕು. ಮನೆಯಲ್ಲಿ ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ಬೆಲೆ ಕಮ್ಮಿ ಎಂದು ಇಂಥ ಕಾಳು ಚಟ್ನಿಗೆ ಹಾಕುವುದು ಬೇಡ.

ಅರೆಯುವ ಕ್ರಮ

ಮೊದಲು ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಆಮೇಲೆ ಶೇಂಗಾ, ಕೊನೆಗೆ ಸೊಪ್ಪು, ಎಣ್ಣೆ. ಒರಳಾದರೆ ತರಿತರಿಯಾಗಿ ಕುಟ್ಟಿ. ಮಿಕ್ಸರ್ ಆದರೆ ತಡೆತಡೆದು ತಿರುಗಿಸಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಸೊಪ್ಪಿನ ಬಣ್ಣ, ಘಮ ಎರಡೂ ಹೋಗುತ್ತವೆ. ನೀರು ಆದಷ್ಟು ಕಮ್ಮಿ ಇರಲಿ.

ಇಡುವುದು, ಬಡಿಸುವುದು

ಹಸಿ ಚಟ್ನಿಯನ್ನು ಅಂದೇ ಮುಗಿಸಿ. ಫ್ರಿಜ್‌ನಲ್ಲಿ 2–3 ದಿನ ಸಾಕು. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿರುವ ಚಟ್ನಿಯನ್ನು ಹೊರಗೆ ಬಾಟಲಿಯಲ್ಲಿ ದಿನಗಟ್ಟಲೆ ಇಡಬೇಡಿ. ಗಾಳಿಯಾಡದ ಕಡೆ ಬಾಟುಲಿಸಂ ಎಂಬ ಪ್ರಾಣಕ್ಕೆ ಎರವಾಗುವ ಕಾಯಿಲೆ ತರುವ ವಿಷ ಹುಟ್ಟಬಹುದು. ವಾಸನೆಯಿಂದ ಅದು ತಿಳಿಯುವುದಿಲ್ಲ. ಹೆಚ್ಚು ಮಾಡಿದ್ದರೆ ಐಸ್ ತಟ್ಟೆಯಲ್ಲಿ ಹಾಕಿ ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದೊಂದು ತುಂಡು ತೆಗೆದುಕೊಳ್ಳಿ.

ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಬಿಸಿ ಅನ್ನಕ್ಕೆ ಹಾಗೆಯೇ ಬಡಿಸಿ. ಪಾಸ್ತಾಕ್ಕೆ ಬೇಕಿದ್ದರೆ, ಅದು ಬೆಂದ ನೀರನ್ನೇ ಎರಡು ಚಮಚ ಬೆರೆಸಿ ಸಡಿಲಿಸಿ. ಚಟ್ನಿಯನ್ನು ಮತ್ತೆ ಒಲೆಯ ಮೇಲಿಡುವುದು ಬೇಡ.

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದವು. ಸಂತೆಯಲ್ಲಿ ಗೋಂಗೂರ ಕೇಳುವ ನಾವು ಮನೆಯಲ್ಲಿ ಪುಂಡಿ ಎನ್ನುತ್ತೇವೆ. ಮಕ್ಕಳಿಗೆ ಎರಡು ಹೆಸರೂ ಗೊತ್ತಿರಲೆಂದು ಮೇಲೆ ಎರಡನ್ನೂ ಕೊಟ್ಟಿದ್ದೇವೆ. ನಿಮ್ಮ ಮನೆಯಲ್ಲಿ ಬೇರೆ ಹೆಸರು, ಬೇರೆ ಅಳತೆ ಇದ್ದರೆ, ಊರಿನ ಹೆಸರಿನೊಂದಿಗೆ ಸಂಘಕ್ಕೆ ಬರೆದು ಕಳುಹಿಸಿ. ಈ ಪಟ್ಟಿಗೆ ಸೇರಿಸುತ್ತೇವೆ.