ಕೋಡಿಯ ಮಠದ ಅಭಯವೂ ಧರ್ಮಪ್ರಸಾರವೂ

ಮತಪ್ರಸಾರದ ಕ್ರಮವನ್ನು ವಿಚಾರಿಸುವವರು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಎರಡು ಶಾಸನಗಳನ್ನು ಅವಶ್ಯವಾಗಿ ನೋಡತಕ್ಕುದು. ಕ್ರಿ. ಶ. 1036ರ ಶಾಸನವು ಕಾಳಾಮುಖಾಚಾರ್ಯನಾದ ಲಕುಳೀಶ್ವರ ಪಂಡಿತನನ್ನು ಪರವಾದಿಗಳನ್ನು ಜಯಿಸಿದವನೆಂದು ಕೊಂಡಾಡುತ್ತದೆ. 1162ರ ಕೋಡಿಯ ಮಠದ ಶಾಸನದ ಧಾಟಿಯೇ ಬೇರೆ. ಆ ಮಠವೂ ಕಾಳಾಮುಖರದೇ, ಆದರೂ ಅಲ್ಲಿ ನಗ್ನಕ್ಷಪಣಕರಿಗೂ, ಏಕದಂಡಿ ತ್ರಿದಂಡಿಗಳಿಗೂ, ದೀನರು, ಕುಂಟರು, ಕುರುಡರು, ಕಿವುಡರಿಗೂ ಅನ್ನವಿತ್ತು, ಅನಾಥರೋಗಿಗಳಿಗೆ ಔಷಧೋಪಚಾರವಿತ್ತು. ಸಮಸ್ತ ಪ್ರಾಣಿಗಳಿಗೂ ಅದು ಅಭಯಸ್ಥಾನವೆಂದು ಶಾಸನಕವಿಯು ಹೇಳುತ್ತಾನೆ. ಬರಿಯ ಪ್ರಶಸ್ತಿಯೆನ್ನುವವರು ಎನ್ನಲಿ. ಅಭಯವೂ ಹೊಗಳತಕ್ಕ ಗುಣವೆಂದು ಆತನು ಎಣಿಸಿದನಷ್ಟೆ! ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿಯಂತೂ ಕದಂಬರಾಣಿ ಮಾಳಲದೇವಿಯ ಬಸದಿಗೆ ಅಲ್ಲಿನ ಬ್ರಾಹ್ಮಣರಿಂದಲೇ ‘ಬ್ರಹ್ಮಜಿನಾಲಯ’ವೆಂಬ ಹೆಸರು ಬಂದಿತು.

ಈ ಶಾಸನಗಳನ್ನು 1902 ಮತ್ತು 1904ರ ಸಂಪುಟಗಳಲ್ಲಿ ಅಚ್ಚುಹಾಕಿಸಿದ ಬಿ. ಎಲ್. ರೈಸರು ಬೆಂಗಳೂರಿನಲ್ಲಿ ಹುಟ್ಟಿದ, ಲಂಡನ್ ಮಿಷನ್ನಿನ ಪಾದ್ರಿಯೊಬ್ಬರ ಮಗ. ಪಾದ್ರಿಗಳಲ್ಲಿಯೂ ಮೇಲೆ ಹೇಳಿದ ಎರಡು ಮಾರ್ಗಗಳು ಕಾಣುತ್ತವೆ. ವಿಗ್ರಹಾರಾಧನೆಯನ್ನು ಜರೆದು ನರಕಭೀತಿಯನ್ನು ಹುಟ್ಟಿಸುವ ಕರಪತ್ರಗಳು ಕೆಲವರವು. ಬಾಸೆಲ್ ಮಿಷನ್ನಿನ ಕಿಟ್ಟೆಲರಾದರೋ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಪದ್ಯಗಳಲ್ಲಿಯೇ ಹೇಳಿದರು. ಕೇಳುವವನ ನುಡಿಯನ್ನು ಮೊದಲು ಗೌರವಿಸುವ ಈ ಮಾರ್ಗವು ಕೋಡಿಯ ಮಠಕ್ಕೆ ಹತ್ತಿರವಾದುದು. ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿ ಅಚ್ಚುಮಾಡಿಸಿದವರೂ ಇವರೇ.