ಬೆಟಗೇರಿಯ ಬಾಸೆಲ್ ಮಿಶನ್ ಬಳಗ ಮತ್ತು ಬೋರ್ನಿಯೊ ದ್ವೀಪದ ಸೇವೆ

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ಸಂಸ್ಥೆ 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ತನ್ನ ಕೇಂದ್ರವನ್ನು ತೆರೆಯಿತು. 1914ರ ಮಹಾಯುದ್ಧದಲ್ಲಿ ಅದರ ವಿದೇಶಿ ಬಳಗ ಚದುರಿತು. ಹಿಂದುಸ್ಥಾನದ ದಾರಿ ಮುಚ್ಚಿಹೋದ ಆ ವರ್ಷಗಳಲ್ಲೇ ಸಂಸ್ಥೆ ಬೋರ್ನಿಯೊ ದ್ವೀಪದ ಹೊಣೆ ಹೊತ್ತಿತು. ಕೇಂದ್ರ ಕಟ್ಟಿದ್ದು, ಬಳಗ ಅಗಲಿದ್ದು, ದ್ವೀಪಕ್ಕೆ ಹೋದದ್ದು ಒಂದೇ ಚರಿತ್ರೆಯ ಭಾಗಗಳು. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಪೂರ್ತಿ ತಿಳಿಯುವುದಿಲ್ಲ.

ಬ್ರಿಟಿಷರಲ್ಲದ ಮಿಶನರಿಗಳಿಗೆ ಕಂಪನಿ ಸರಕಾರದ ಸೀಮೆಯಲ್ಲಿ ಅವಕಾಶ ದೊರೆತದ್ದು 1833ರ ಸನದಿನಿಂದ. ಮರುವರ್ಷವೇ ಸ್ಯಾಮ್ಯುವೆಲ್ ಹೆಬಿಕ್, ಕ್ರಿಸ್ಟೋಫ್ ಲೇನರ್, ಕ್ರಿಶ್ಚಿಯನ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರು ಸೇರಿದರು. ಈ ಮೂವರು ಒಂದೆಡೆ ಇದ್ದದ್ದು ಕೆಲವೇ ವರ್ಷ. ಲೇನರ್ 1837ರಲ್ಲಿ ಧಾರವಾಡಕ್ಕೆ ಬಂದ, ಹೆಬಿಕ್ 1841ರಲ್ಲಿ ಕಣ್ಣೂರಿಗೆ ಹೋದ, ಗ್ರೈನರ್ ತುಳುನಾಡಿನಲ್ಲೇ ಉಳಿದ. ಧಾರವಾಡದ ಬೆನ್ನಿಗೆ 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡದ ಕೇಂದ್ರಗಳು ಎದ್ದವು. ಒಂದು ಕೇಂದ್ರ ಬೇರುಬಿಡುವಷ್ಟರಲ್ಲಿ ಅಲ್ಲಿನವರಲ್ಲಿ ಒಬ್ಬಿಬ್ಬರು ಮುಂದಿನ ಊರಿಗೆ ಹೊರಡಬೇಕಿತ್ತು. ಅಗಲಿಕೆ ಈ ಸಂಸ್ಥೆಯ ಕೆಲಸದ ರೀತಿಯಲ್ಲೇ ಸೇರಿತ್ತು. ಅವರಿಗೆ ಇದಕ್ಕೊಂದು ಹಳೆಯ ಮಾದರಿಯೂ ಇತ್ತು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದಲ್ಲಿ ಪೌಲ ಮತ್ತು ಬಾರ್ನಬರು ಮಾರ್ಕನ ವಿಷಯವಾಗಿ ಮನಸ್ತಾಪಗೊಂಡು ಬೇರೆಯಾಗುತ್ತಾರೆ. ಬಾರ್ನಬ ಮಾರ್ಕನನ್ನು ಕರೆದುಕೊಂಡು ಕುಪ್ರ ದ್ವೀಪಕ್ಕೆ ಹಡಗು ಹತ್ತಿದರೆ, ಪೌಲ ಸೀಲನೊಂದಿಗೆ ಸಿರಿಯ ಸೀಮೆಯ ಕಡೆ ನಡೆಯುತ್ತಾನೆ. ಬಳಗ ಒಡೆದರೂ ಸೇವೆ ಎರಡು ಕಡೆ ಬೆಳೆಯಿತೆಂದು ಕ್ರೈಸ್ತ ಸಭೆ ಆ ಪ್ರಸಂಗವನ್ನು ಓದುತ್ತ ಬಂದಿದೆ.

ಬಾಸೆಲ್ ಮಿಶನರಿಗಳ ಒಕ್ಕಟ್ಟು ಬಿಗಿಯಾದದ್ದು. ಬಹುಪಾಲು ಜನ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲಿನ ಒಂದೇ ಸೆಮಿನರಿಯಲ್ಲಿ ಒಟ್ಟಿಗೆ ಉಂಡು, ಓದಿ, ಕೈಕೆಲಸ ಮಾಡಿ ಬೆಳೆದವರು. ಪರಸ್ಪರ ‘ಸಹೋದರ’ ಎಂದೇ ಕರೆಯುತ್ತಿದ್ದರು. ಯಾರು ಯಾವ ಊರಿನಲ್ಲಿರಬೇಕು ಎಂಬುದನ್ನು ಬಾಸೆಲಿನ ಕಮಿಟಿ ಗೊತ್ತುಮಾಡುತ್ತಿತ್ತು. ಮದುವೆಗೂ ಅದರ ಒಪ್ಪಿಗೆ ಬೇಕು. ಎಷ್ಟೋ ಸಲ ವರ ಕಣ್ಣಾರೆ ಕಂಡಿರದ ವಧು ಜರ್ಮನಿಯಿಂದ ಹಡಗಿನಲ್ಲಿ ಬಂದಿಳಿಯುತ್ತಿದ್ದಳು. ಹುಟ್ಟಿದ ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಅವರನ್ನು ಬಾಸೆಲಿನ ಮಕ್ಕಳ ಮನೆಗೆ ಕಳಿಸಬೇಕಿತ್ತು. ಕಮಿಟಿಯ ಪತ್ರದ ಆಜ್ಞೆ ಹಿಡಿದು ಎಲ್ಲಿಗೂ ಹೋಗುವ ಈ ಅಭ್ಯಾಸದ ಬೆಲೆಯನ್ನು ಹೆಚ್ಚಾಗಿ ತೆತ್ತವರು ತಾಯಂದಿರು ಮತ್ತು ಮಕ್ಕಳು. ಈ ನೋವನ್ನು ಬಿಟ್ಟು ಮಿಶನ್ನಿನ ಚರಿತ್ರೆ ಬರೆದರೆ ಅದು ಅರೆಚರಿತ್ರೆಯೇ.

ಬೆಟಗೇರಿ ನೇಕಾರರ ಊರು, ಗದಗ ಹತ್ತಿಯ ಪೇಟೆ. ಈ ಎರಡೂ ಊರು ಸೇರಿ 1859ರಲ್ಲಿ ಒಂದೇ ಪುರಸಭೆಯಾಯಿತು. ಸುತ್ತಲ ಸೀಮೆಯ ಆಡಳಿತ ಮಾತ್ರ ತುಂಡುತುಂಡಾಗಿತ್ತು: ಮುಂಡರಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಸಂತೆ, ಜಾತ್ರೆಗಳಲ್ಲಿ ನಿಂತು ಸಾರುವ ಉಪದೇಶಿಗಳು ಒಂದೆರಡು ದಿನದ ನಡಿಗೆಯಲ್ಲಿ ಮೂರು ಸರಕಾರಗಳ ಗಡಿ ದಾಟಬಹುದಿತ್ತು. ಅವರು ಬಂದು ನಿಂತ ನೆಲವೂ ಬರಿಯ ನೆಲವಲ್ಲ. ಲಕ್ಷ್ಮೇಶ್ವರ ಪಂಪನ ಪುಲಿಗೆರೆ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗದ್ದುಗೆ. ಗದಗಿನ ವೀರನಾರಾಯಣನ ಗುಡಿ ಕುಮಾರವ್ಯಾಸನ ಹೆಸರಿನೊಂದಿಗೆ ಬೆಸೆದುಕೊಂಡದ್ದು. ಭಕ್ತಿಯ ಮಾತಿಗೆ ಇಲ್ಲಿನ ಜನ ಹೊಸಬರಾಗಿರಲಿಲ್ಲ.

ಮೊದಲ ವರ್ಷಗಳ ದೊಡ್ಡ ಆಸೆ ಕಾಲಜ್ಞಾನಿಗಳಿಂದ ಬಂತು. ಕಾಲಜ್ಞಾನದ ವಚನಗಳನ್ನು ನಂಬಿ ಹೊಸ ಯುಗಕ್ಕಾಗಿ ಕಾಯುತ್ತಿದ್ದ ಈ ಭಕ್ತರಲ್ಲಿ ಕೆಲವರು ಮಿಶನರಿಗಳ ಬಳಿಗೆ ಬಂದಾಗ, ಸಾವಿರಾರು ಜನ ಒಮ್ಮೆಗೇ ಸಭೆ ಸೇರುವರೆಂದು ಇವರು ನಂಬಿದರು. ಅಂಥವರನ್ನು ನೆಲೆಗೊಳಿಸಲು ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಒಂದು ಒಕ್ಕಲು ನೆಲೆಯನ್ನೂ ಹೂಡಿದರು. ನಿರೀಕ್ಷಿಸಿದ ಜನ ಬರಲಿಲ್ಲ. ಆ ಪ್ರಯೋಗ ಬಾಳಲಿಲ್ಲ. ಆದರೆ ಈ ಸೋಲಿನಿಂದ ಒಂದು ಒಳ್ಳೆಯ ಪಾಠ ಹುಟ್ಟಿತು. ನಾಡಿನ ಧರ್ಮಗ್ರಂಥಗಳನ್ನು ಓದದೆ ನಾಡಿನವರ ಮನಸ್ಸು ತಿಳಿಯದೆಂಬುದು ಇವರಿಗೆ ಮನವರಿಕೆಯಾಯಿತು. ಹುಬ್ಬಳ್ಳಿ ಭಾಗದಲ್ಲಿದ್ದ ಜಿ. ವುರ್ತ್ 1860ರ ದಶಕದಲ್ಲಿ ಬಸವಪುರಾಣ, ಚೆನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದ. 1853ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲ್ ತನ್ನ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದ. ಬೆಟಗೇರಿಯಲ್ಲಿ ಸಭೆ ಬೆಳೆದದ್ದು ಮೆಲ್ಲಗೆ. 1876-78ರ ಧಾತು-ಈಶ್ವರ ಸಂವತ್ಸರಗಳ ಬರ ಈ ಸೀಮೆಯನ್ನು ಹಿಂಡಿದ ಮೇಲೆ ಮಿಶನ್ನಿನ ಆಸರೆಗೆ ಬಂದವರ ಸಂಖ್ಯೆ ಏರಿತು. ಶಾಲೆ, ಬೋರ್ಡಿಂಗು ನಡೆದವು. ಇಲ್ಲಿನ ಆಸ್ಪತ್ರೆಗೆ ಜನರ ಬಾಯಲ್ಲಿ ಜರ್ಮನ್ ಆಸ್ಪತ್ರೆ ಎಂಬ ಹೆಸರೇ ನಿಂತಿತು.

1914ರ ಆಗಸ್ಟಿನಲ್ಲಿ ಯುದ್ಧ ಶುರುವಾದಾಗ ಈ ಬಳಗದ ಬಹುಮಂದಿ ಒಂದೇ ರಾತ್ರಿಯಲ್ಲಿ ಶತ್ರುದೇಶದ ಪ್ರಜೆಗಳಾದರು. ಸಂಸ್ಥೆ ಸ್ವಿಸ್ ಆದರೂ ಸೇವಕರಲ್ಲಿ ಹೆಚ್ಚಿನವರು ಜರ್ಮನರು. ಸೈನ್ಯಕ್ಕೆ ಸೇರುವ ವಯಸ್ಸಿನ ಗಂಡಸರನ್ನು ಅಹಮದನಗರದ ಶಿಬಿರದಲ್ಲಿ ಕೂಡಿಹಾಕಿದರು. 1915-16ರಲ್ಲಿ ‘ಗೋಲ್ಕೊಂಡ’ ಎಂಬ ಹಡಗು ಜರ್ಮನ್ ಮಿಶನರಿ ಕುಟುಂಬಗಳನ್ನು ಊರಿಗೆ ಸಾಗಿಸಿತು. ಯುದ್ಧ ಮುಗಿದರೂ ಮರಳುವ ದಾರಿ ತೆರೆಯಲಿಲ್ಲ. ವರ್ಸೈ ಒಪ್ಪಂದದ 438ನೆಯ ಕಲಮು ಜರ್ಮನ್ ಮಿಶನ್ನುಗಳ ಆಸ್ತಿಯನ್ನು ವಿಶ್ವಸ್ಥ ಮಂಡಳಿಗಳ ಕೈಗೆ ಒಪ್ಪಿಸಿತು. ಬಾಸೆಲ್ ಮಿಶನ್ನಿನ ಹೆಂಚು, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ‘ದಕ್ಷಿಣ ಮರಾಠಾ’ ಎಂದು ಮಿಶನ್ ಕರೆಯುತ್ತಿದ್ದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡದ ಕ್ಷೇತ್ರವನ್ನು ಫ್ರೆಂಚ್ ಮಾತಿನ ಸ್ವಿಸ್ ಪ್ರಾಂತದ ಕ್ಯಾನರೀಸ್ ಇವಾಂಜಲಿಕಲ್ ಮಿಶನ್ ನೋಡಿಕೊಂಡಿತು.

ಈ ವರ್ಷಗಳನ್ನು ಚರಿತ್ರೆಕಾರರು ಹೆಚ್ಚಾಗಿ ನಷ್ಟದ ಕಾಲವೆಂದೇ ಬರೆದಿದ್ದಾರೆ. ಇಲ್ಲಿ ಉಳಿದವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಪಾಠ ಹೇಳಿದವರು, ರೋಗಿಗಳ ಬಳಿ ಕೂತವರು, ಭಾನುವಾರದ ಆರಾಧನೆ ತಪ್ಪದಂತೆ ನೋಡಿದವರು ಕನ್ನಡದ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು. ಅದೇ ಪೀಳಿಗೆಯ ರೆವರೆಂಡ್ ಚನ್ನಪ್ಪ ಉತ್ತಂಗಿ (1881-1962) ಹಳ್ಳಿಹಳ್ಳಿ ತಿರುಗಿ ಕೂಡಿಸಿದ ಸರ್ವಜ್ಞನ ವಚನಗಳು 1924ರಲ್ಲಿ ಪ್ರಕಟವಾದವು, ಬಾಸೆಲಿನವರು ಇನ್ನೂ ಮರಳಿರದ ಹೊತ್ತಿನಲ್ಲಿ. ಅವರೇ ಬರೆದ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಕ್ರೈಸ್ತ ಮನಸ್ಸೊಂದು ಭಾರತದ ಸಾಧನೆಯ ಎದುರು ವಿನಯದಿಂದ ನಿಂತ ಕೃತಿ. 1949ರ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆಯೂ ಅವರದೇ. ಪರದೇಶಿ ಬಳಗ ಇಲ್ಲದಾಗ ಸಭೆ ಬಡವಾಗಿರಬಹುದು, ಅದು ಬರಿದಾಗಲಿಲ್ಲ.

ಇತ್ತ ಬಾಸೆಲಿನಲ್ಲಿ ಸೇವೆಗೆ ಸಿದ್ಧವಿದ್ದವರಿಗೆ ಕ್ಷೇತ್ರವೇ ಇಲ್ಲವಾಗಿತ್ತು. ಹಿಂದುಸ್ಥಾನ, ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್, ಕ್ಯಾಮರೂನ್‌ಗಳಲ್ಲಿ ಕೆಲಸ ಕಡಿದುಬಿದ್ದು, ಚೀನದ ಕ್ಷೇತ್ರವಷ್ಟೇ ಕೈಯಲ್ಲಿತ್ತು. ಡಚ್ಚರ ಆಳ್ವಿಕೆಯ ದಕ್ಷಿಣ ಬೋರ್ನಿಯೊದಲ್ಲಿ 1835ರಿಂದ ದುಡಿದ ಜರ್ಮನಿಯ ರೈನಿಶ್ ಮಿಶನ್ ಯುದ್ಧದ ನಂತರ ಹಣವಿಲ್ಲದೆ ಸೋತಿತ್ತು. ಆ ಕ್ಷೇತ್ರವನ್ನು ಬಾಸೆಲ್ ವಹಿಸಿಕೊಂಡಿತು. 1921ರಿಂದ ಅದರ ಸೇವಕರು ಅಲ್ಲಿಗೆ ಹೋಗತೊಡಗಿ, 1925ರ ಹೊತ್ತಿಗೆ ಪೂರ್ತಿ ಹೊಣೆ ಅವರದಾಯಿತು. ಬಂಜರ್‌ಮಾಸಿನ್, ಕುವಾಲಾ ಕಪುವಾಸ್, ಮಂಡೊಮಾಯ್ ಮೊದಲಾದ ನದಿದಂಡೆಯ ಊರುಗಳೇ ಅಲ್ಲಿನ ನೆಲೆಗಳು. ಬೆಟಗೇರಿಯ ಎರೆಹೊಲದ ಸೀಮೆಯಲ್ಲಿ ಚಕ್ಕಡಿಯಲ್ಲಿ ತಿರುಗಿದ ಸಂಸ್ಥೆ ಅಲ್ಲಿ ದೋಣಿ ಏರಬೇಕಾಯಿತು. ದ್ವೀಪದ ಮೂಲನಿವಾಸಿಗಳಾದ ದಯಾಕ್ ಜನರ ಬೈಬಲ್ಲು ಆಗಲೇ ಇತ್ತು. ಮಿಶನರಿ ಆಗಸ್ಟ್ ಹಾರ್ಡೆಲಾಂಡ್ ಅದನ್ನು ದಯಾಕರ ಙಾಜು ಭಾಷೆಗೆ 1858ರಲ್ಲೇ ತಂದಿದ್ದ. 1932ರಲ್ಲಿ ಹೋದ ಹಾನ್ಸ್ ಶೇರರ್ ಎಂಬ ಬಾಸೆಲ್ ಮಿಶನರಿ ಙಾಜು ಜನರ ದೇವರ ಕಲ್ಪನೆಯ ಮೇಲೆ ಬರೆದ ಪ್ರಬಂಧ ಇಂದಿಗೂ ಮಾನವಶಾಸ್ತ್ರಜ್ಞರು ಓದುವಂಥದು. ಕನ್ನಡ ನಾಡಿನಲ್ಲಿ ವುರ್ತ್ ಹಾಕಿದ ದಾರಿಯೇ ಅದು.

ದ್ವೀಪದಲ್ಲಿ ಒಂದು ದೊಡ್ಡ ವ್ಯತ್ಯಾಸ ಕಾಣುತ್ತದೆ. ಬಂಜರ್‌ಮಾಸಿನ್‌ನಲ್ಲಿ 1932ರಲ್ಲಿ ಸ್ಥಳೀಯ ಸಭಾಪಾಲಕರಿಗಾಗಿ ದೇವಜ್ಞಾನ ಶಾಲೆ ತೆರೆಯಿತು. 1935ರಲ್ಲಿ ದಯಾಕ್ ಸಭೆ ಸ್ವತಂತ್ರ ಸಭೆಯಾಗಿ ನಿಂತು, ಮೊದಲ ದಯಾಕ್ ಸಭಾಪಾಲಕರು ಅಭಿಷಿಕ್ತರಾದರು. ಕ್ಷೇತ್ರ ವಹಿಸಿಕೊಂಡು ಹದಿನೈದು ವರ್ಷವೂ ಆಗಿರಲಿಲ್ಲ. ಕನ್ನಡ ನಾಡಿನಲ್ಲಿ ಎಂಬತ್ತು ವರ್ಷ ದುಡಿದೂ ಇಂಥ ಹಸ್ತಾಂತರಕ್ಕೆ ಮನಸ್ಸು ಮಾಡದಿದ್ದ ಸಂಸ್ಥೆಗೆ, ಪರದೇಶಿ ಸೇವಕ ಯಾವ ದಿನವಾದರೂ ಹೋಗಬೇಕಾದೀತು ಎಂಬುದನ್ನು 1914 ಕಲಿಸಿತ್ತು ಎಂದು ಭಾವಿಸಲು ಕಾರಣವಿದೆ.

ಆ ದಿನ ಮತ್ತೆ ಬಂದೇ ಬಂತು. 1940ರಲ್ಲಿ ಜರ್ಮನಿ ಹಾಲೆಂಡಿನ ಮೇಲೆ ಎರಗಿದಾಗ ಡಚ್ ಸರಕಾರ ಈಸ್ಟ್ ಇಂಡೀಸಿನ ಜರ್ಮನರನ್ನು ಸೆರೆಹಿಡಿಯಿತು. ಅಂಥ ಸೆರೆಯಾಳುಗಳನ್ನು ಸಾಗಿಸುತ್ತಿದ್ದ ‘ವಾನ್ ಇಮ್ಹಾಫ್’ ಹಡಗು 1942ರ ಜನವರಿ 19ರಂದು ಜಪಾನಿ ಬಾಂಬಿಗೆ ಸಿಕ್ಕಿ ಸುಮಾತ್ರದ ಹತ್ತಿರ ಮುಳುಗಿ 400ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಮಿಶನರಿಗಳೂ ಇದ್ದರು. ಬೋರ್ನಿಯೊದಲ್ಲಿದ್ದ ಸ್ವಿಸ್ ವೈದ್ಯ ಮತೇಯುಸ್ ವಿಶರ್ ಮಿಶನ್ನಿನ ಸೇವೆಯ ಜೊತೆಗೆ ಅಂತರರಾಷ್ಟ್ರೀಯ ರೆಡ್ ಕ್ರಾಸಿನ ಪ್ರತಿನಿಧಿಯಾಗಿ ಯುದ್ಧಸೆರೆಯಾಳುಗಳ ಯೋಗಕ್ಷೇಮ ವಿಚಾರಿಸುತ್ತಿದ್ದ. ಆತನನ್ನೂ ಆತನ ಹೆಂಡತಿಯನ್ನೂ ದ್ವೀಪವನ್ನು ಹಿಡಿದಿದ್ದ ಜಪಾನೀಯರು 1943ರ ಡಿಸೆಂಬರ್ 20ರಂದು ಕೊಂದರು. ದಯಾಕ್ ಸಭಾಪಾಲಕರ ಕೈಯಲ್ಲಿ ಸಭೆ ಉಳಿಯಿತು. ಅದು 1950ರಿಂದ ಕಲಿಮಂತಾನ್ ಇವಾಂಜಲಿಕಲ್ ಸಭೆ ಎಂದು ಹೆಸರಾಗಿದೆ.

ಬಾಸೆಲಿನವರು 1920ರ ದಶಕದ ಕೊನೆಯಲ್ಲಿ ಕನ್ನಡ ನಾಡಿಗೆ ಮರಳಿದರು, ದ್ವೀಪದ ಕೆಲಸವನ್ನೂ ಬಿಡಲಿಲ್ಲ. ಬೆಟಗೇರಿ ಸೀಮೆಯ ಸಭೆಗಳ ಹೊಣೆ ಕ್ರಮೇಣ ಇಲ್ಲಿಯವರ ಕೈಗೆ ಬಂತು. ಅವುಗಳಲ್ಲಿ ಹೆಚ್ಚಿನವು ಇಂದು ಧಾರವಾಡ ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿವೆ.