ಕೊಚ್ಚಿಯ ಗಿಡ, ಲ್ಯಾಟಿನ್ ಪುಸ್ತಕ

ಕಲೂರಿಗೆ ಬಂದ ಹೊಸದರಲ್ಲಿ ಒಮ್ಮೆ ತಂಬುಳಿ ಮಾಡೋಣವೆಂದು ಇಲ್ಲಿನ ಅಂಗಡಿಯೊಂದರಲ್ಲಿ ‘ಬ್ರಾಹ್ಮಿ’ ಕೇಳಿದೆ. ಸಿಕ್ಕಿದ್ದು ನೀರುಬ್ರಾಹ್ಮಿ! ಊರಿನಲ್ಲಿ ನಾವು ಬ್ರಾಹ್ಮಿ ಅನ್ನುವುದು ಒಂದೆಲಗಕ್ಕೆ; ಮಲಯಾಳದಲ್ಲಿ ಅದು ಕೊಡಂಗಲ್. ತಪ್ಪು ಅಂಗಡಿಯವರದಲ್ಲ, ನನ್ನದೂ ಅಲ್ಲ. ಹೆಸರು ಒಂದೇ, ಗಿಡ ಎರಡು.

ಇಂಥ ತೊಡಕನ್ನು ಸುಮಾರು 350 ವರ್ಷಗಳ ಹಿಂದೆ ಇದೇ ಕೊಚ್ಚಿಯಲ್ಲಿ ಎದುರಿಸಿದವನು ಡಚ್ ಕಂಪನಿಯ ಮಲಬಾರ್ ಮುಖ್ಯಾಧಿಕಾರಿ ಹೆಂಡ್ರಿಕ್ ವಾನ್ ರೀಡ್. ಮಲಬಾರಿನ ಗಿಡಮೂಲಿಕೆಗಳನ್ನೆಲ್ಲ ದಾಖಲಿಸಬೇಕೆಂದು ಹೊರಟ ಅವನಿಗೆ ಚೇರ್ತಲ ಕಡೆಯ ಈಳವ ವೈದ್ಯ ಇಟ್ಟಿ ಅಚ್ಯುದನ್ ತಮ್ಮ ಮನೆತನದ ತಾಳೆಗರಿಯಲ್ಲಿದ್ದ ವಿದ್ಯೆಯನ್ನು ಹೇಳಿಕೊಟ್ಟರು. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರೂ ಜೊತೆಯಾದರು.

ಆದರೆ ಅಚ್ಯುದನ್ ಹೇಳಿದ್ದು ಯುರೋಪಿನ ಪಂಡಿತರಿಗೆ ಮುಟ್ಟುವುದು ಹೇಗೆ? ಮಲಯಾಳದ ಮಾತನ್ನು ಕಂಪನಿಯ ದುಭಾಷಿ ಪೋರ್ಚುಗೀಸಿಗೆ ತಂದ. ಅಲ್ಲಿಂದ ಡಚ್, ಕೊನೆಗೆ ಲ್ಯಾಟಿನ್. ಆಗ ಯುರೋಪಿನಲ್ಲಿ ಶಾಸ್ತ್ರದ ಭಾಷೆ ಅದೇ ತಾನೆ! ಹೀಗೆ 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ‘ಹಾರ್ಟಸ್ ಮಲಬಾರಿಕಸ್’ನ 12 ಸಂಪುಟಗಳು ಅಚ್ಚಾದವು. ಅದರಲ್ಲಿ 700ಕ್ಕೂ ಹೆಚ್ಚು ಸಸ್ಯಗಳಿವೆ. ನನ್ನನ್ನು ಪೇಚಿಗೆ ಸಿಕ್ಕಿಸಿದ ಆ ಎರಡು ಗಿಡಗಳೂ ಅಲ್ಲಿ ಬೇರೆ ಬೇರೆಯಾಗಿಯೇ ಇವೆ.

ಲಾಭ ಆಗಲಿಲ್ಲ ಎನ್ನುವಂತಿಲ್ಲ. ಲಿನಿಯಸ್ ಈ ಗ್ರಂಥವನ್ನು ಧಾರಾಳವಾಗಿ ಬಳಸಿಕೊಂಡ. ಏಲಕ್ಕಿಯ ವೈಜ್ಞಾನಿಕ ಹೆಸರು ‘ಎಲೆಟ್ಟೇರಿಯಾ’ ಬಂದದ್ದು ಇದರಲ್ಲಿರುವ ಮಲಯಾಳ ಹೆಸರಿನಿಂದಲೇ. ನಷ್ಟ ಆದದ್ದು ಹೇಳಿಕೊಟ್ಟವರಿಗೆ. ತಮ್ಮದೇ ವಿದ್ಯೆಯ ಪುಸ್ತಕ ಅವರ ಮನೆಯವರು ಓದಲಾಗದ ಭಾಷೆಯಲ್ಲಿತ್ತು. ಬ್ಯಾಂಕಿನವನಾದ ನನಗೆ ತೋರುವುದಿಷ್ಟು: ಠೇವಣಿ ಇಟ್ಟವರ ಕೈಗೆ ಪಾಸ್‌ಬುಕ್ಕೇ ಬರಲಿಲ್ಲ.

ಅದನ್ನು ತಂದುಕೊಟ್ಟವರು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಾಧ್ಯಾಪಕ ಕೆ. ಎಸ್. ಮಣಿಲಾಲ್. ಮೂರು ದಶಕಗಳಿಗೂ ಹೆಚ್ಚು ಕಾಲ ಈ ಗ್ರಂಥದ ಹಿಂದೆ ಬಿದ್ದು, ಅದರ ಗಿಡಗಳನ್ನು ಮತ್ತೆ ಹುಡುಕಿ ಗುರುತಿಸಿ, ಅನುವಾದ ಮಾಡಿದರು. ತಿರುವನಂತಪುರದ ಕೇರಳ ವಿಶ್ವವಿದ್ಯಾಲಯ 2003ರಲ್ಲಿ ಇಂಗ್ಲಿಷ್ ಆವೃತ್ತಿಯನ್ನೂ 2008ರಲ್ಲಿ ಮಲಯಾಳ ಆವೃತ್ತಿಯನ್ನೂ ಹೊರತಂದಿತು. ಮಲಯಾಳದಲ್ಲಿ ಹೇಳಿದ ಮಾತು ಮಲಯಾಳಕ್ಕೆ ವಾಪಸಾಗಲು ಮೊದಲ ಸಂಪುಟದಿಂದ ಲೆಕ್ಕ ಹಾಕಿದರೆ 330 ವರ್ಷ! ಮಣಿಲಾಲ್ 2025ರ ಜನವರಿ 1ರಂದು ತೀರಿಕೊಂಡರು.

ಲ್ಯಾಟಿನ್ ಬೇಡ, ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಆ ಲ್ಯಾಟಿನ್ ಹೆಸರು ಗೊತ್ತಿದ್ದರೆ ಅಂದು ನನಗೆ ಸರಿಯಾದ ಸೊಪ್ಪೇ ಸಿಗುತ್ತಿತ್ತೇನೋ. ಆದರೆ ಹೊರಗೆ ಹೋದ ವಿದ್ಯೆ ಮನೆಗೂ ಮರಳಬೇಕಲ್ಲವೇ? ನಿಮ್ಮ ಅಜ್ಜಿ ಹೇಳುತ್ತಿದ್ದ ಮದ್ದಿನ ಸೊಪ್ಪುಗಳ ಹೆಸರು ನೆನಪಿದ್ದರೆ ಕನ್ನಡದಲ್ಲೇ ಬರೆದಿಡಿ. ಪಕ್ಕದಲ್ಲಿ ಅದರ ಲ್ಯಾಟಿನ್ ಹೆಸರೂ ಇರಲಿ. ಮೊಮ್ಮಕ್ಕಳು ಯಾವ ಊರಿನಲ್ಲಿದ್ದರೂ ಗಿಡ ತಪ್ಪಲಾರದು.